ಮಲಗುವ ಸೀಟು

ಮೂರು ಪಕ್ಕೆಲುಬು ಮುರಿದು, ಎದೆಯೊಳಗೆ ಗಾಳಿ ಸೇರಿಕೊಂಡಿದ್ದ ಒಬ್ಬ ವೆಲ್ಡರ್‌ಗೆ ಕೋಟು ತೊಡಿಸಿ ಹದಿನಾಲ್ಕು ಗಂಟೆಯ ವಿಮಾನ ಹತ್ತಿಸಿದೆ. ಹತ್ತಿಸಬೇಡಿ ಅಂತ ಡಾಕ್ಟರು ಹೇಳಿದ ಮೇಲೆ.

ಆರನೇ ಗಂಟೆಗೆ ಅವನ ತುಟಿ ನೀಲಿಯಾಗಿತ್ತು.

ನಾನು ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದೆ.

ನೀವು ಕೇಳಿದ್ದು ಬಿಸಿನೆಸ್ ಕ್ಲಾಸಿನ ವಿಷಯ. ದೂರದ ಪ್ರಯಾಣ, ಅಷ್ಟು ದುಡ್ಡು ಸುರಿದು ಅದರಲ್ಲಿ ಹೋಗೋದು ಸಾರ್ಥಕವಾ ಅಂತ. ಆರು ಸಲ ಹೋಗಿ ಬಂದವರು, ನೀವೇ ಹೇಳಬೇಕು ಅಂದಿರಿ. ಹೇಳ್ತೀನಿ. ನಡುವೆ ಎದ್ದು ಹೋಗಬೇಕು ಅನ್ನಿಸಿದರೆ ಹೋಗಿ. ಬೇಜಾರು ಮಾಡ್ಕೊಳ್ಳಲ್ಲ.

ಆಗ ನಾನು ಕಟ್ಟಡ ಕಟ್ಟುವ ದೊಡ್ಡ ಕಂಪನಿಯೊಂದರಲ್ಲಿದ್ದೆ. ಕೆಲಸದವರೆಲ್ಲ ಬೇರೆ ದೇಶದಿಂದ ಬಂದವರು. ಯಾರಾದರೂ ಬಿದ್ದರೆ, ಸುಟ್ಟುಕೊಂಡರೆ, ಬಾಯಿ ಬಿಡುವ ಹಾಗೆ ಕಂಡರೆ... ತನಿಖೆಯವರು ಬರುವ ಮೊದಲೇ ಅವರನ್ನು ಊರು ಮುಟ್ಟಿಸಬೇಕು. ಅದೇ ನನ್ನ ಕೆಲಸ. ಗುರುತಿನ ಚೀಟಿಯಲ್ಲಿ 'ಕಾರ್ಮಿಕ ಕಲ್ಯಾಣ ಅಧಿಕಾರಿ' ಅಂತ ಇತ್ತು. ಸೈಟಿನ ಹುಡುಗರು ಇಟ್ಟ ಹೆಸರು ಸಾಗಹಾಕಪ್ಪ.

ಅವರಿಟ್ಟ ಹೆಸರೇ ಸರಿಯಾಗಿತ್ತು.

ಬಿಸಿನೆಸ್ ಕ್ಲಾಸು ಕಂಡುಹಿಡಿದದ್ದೂ ನಾನೇ. ಗಾಯಾಳುವನ್ನು ನೆಟ್ಟಗೆ ಕಳಿಸಬೇಕಾದರೆ ಸ್ಟ್ರೆಚರ್ ಬೇಕು, ಆರು ಸೀಟು ಕಿತ್ತು ಜಾಗ ಮಾಡಬೇಕು, ಜೊತೆಗೊಬ್ಬ ಡಾಕ್ಟರು, ಕಾಗದ, ಕಾಗದದ ಮೇಲೆ ಪ್ರಶ್ನೆ. ಅದೇ ಮನುಷ್ಯನಿಗೆ ಒಂದು ಒಳ್ಳೆಯ ಕೋಟು ಹಾಕಿ, ನೋವಿನ ಇಂಜೆಕ್ಷನ್ ಚುಚ್ಚಿಸಿ, ಮುಂದಿನ ಬಾಗಿಲಿನಿಂದ ಹತ್ತಿಸಿ ನೋಡಿ. ಯಾರೂ ಏನೂ ಕೇಳೋದಿಲ್ಲ. ಹಿಂದೆ ಕೂತವನು ಕೆಮ್ಮಿದರೆ ಡಾಕ್ಟರ ಚೀಟಿ ಎಲ್ಲಿ ಅಂತಾರೆ. ಮುಂದೆ ಕೂತವನು ಕೆಮ್ಮಿದರೆ ಬಿಸಿನೀರು ತಂದುಕೊಡ್ತಾರೆ!

ಈ ಉಪಾಯ ಹೇಳಿದ ದಿನ ಕಂಪನಿಯ ಸಾಹೇಬರು ನನ್ನ ಬೆನ್ನು ತಟ್ಟಿದ್ದರು. ಬೆನ್ನು ತಟ್ಟಿಸಿಕೊಂಡು ಖುಷಿಪಟ್ಟಿದ್ದೆ ಕೂಡ.

ವೆಲ್ಡರ್ ಆರನೆಯವನು. ಏಳನೇ ಮಹಡಿಯಲ್ಲಿ ನಿಂತು ಕೆಲಸ ಮಾಡೋಕೆ ಕಟ್ಟಿದ್ದ ಸಾರುವೆ ಕುಸಿದು ಇಬ್ಬರು ಅಲ್ಲೇ ಸತ್ತಿದ್ದರು. ಇವನು ನಡುವಿನ ಹಲಗೆಗೆ ಸಿಕ್ಕಿಕೊಂಡು ಉಳಿದ. ಬೋಲ್ಟುಗಳು ತುಕ್ಕು ಹಿಡಿದಿವೆ, ಹತ್ತಲ್ಲ ಅಂತ ಹಿಂದಿನ ದಿನ ಮೇಸ್ತ್ರಿ ಜೊತೆ ಜಗಳ ಆಡಿದ್ದವನೂ ಇವನೇ. ಸೋಮವಾರ ತನಿಖೆಗೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬರುವವರಿದ್ದರು.

ಭಾನುವಾರ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ತೆಗೆಸಿದೆ.

ಕಂಪನಿಯ ಕ್ಲಿನಿಕ್ಕಿನ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಶ್ವಾಸಕೋಶದ ಹೊರಗೆ ಗಾಳಿ ನಿಂತಿದೆ. ವಿಮಾನ ಮೇಲೇರಿದಾಗ ಚಿಪ್ಸ್ ಪ್ಯಾಕೆಟ್ ಉಬ್ಬೋದು ನೋಡಿದ್ದೀರಲ್ಲ, ಇವನ ಎದೆಯೊಳಗೂ ಹಾಗೇ ಆಗುತ್ತೆ, ಎರಡು ವಾರ ಬಿಡಿ ಅಂದರು. ಎರಡು ದಿನವೂ ಇಲ್ಲ ಅಂದೆ. ಅವರು ಹಾಳೆಯನ್ನು ಕವರಿಗೆ ತುರುಕಿ ನನ್ನ ಕೈಗೇ ಕೊಟ್ಟರು. ತಮ್ಮ ಮೇಜಿನ ಮೇಲೆ ಅದು ಇರೋದು ಅವರಿಗೂ ಬೇಕಿರಲಿಲ್ಲ.

ಏರ್‌ಪೋರ್ಟ್ ದಾರಿಯಲ್ಲಿ ಒಂದು ಬೈಕು ಬೆನ್ನು ಹತ್ತಿತು.

ವೆಲ್ಡರನ ಅಣ್ಣ. ಅದೇ ಸೈಟಿನ ಕ್ರೇನ್ ಆಪರೇಟರ್. ಎರಡು ಸಿಗ್ನಲ್ ಹಾರಿಸಿದೆವು, ಅವನೂ ಹಾರಿಸಿದ. ಲಾರಿಯ ಮುಂದೆ ನುಗ್ಗಿದೆವು... ಅವನೂ ನುಗ್ಗಿದ! ಕಾರು ನಿಲ್ಲಿಸುವ ಜಾಗದಲ್ಲಿ ಬೈಕನ್ನು ಹಾಗೇ ಬೀಳಿಸಿ ಓಡಿಬಂದು, ಇನ್ನೂ ಚಲಿಸುತ್ತಿದ್ದ ಕಾರಿನ ಕಿಟಕಿಯ ಅಂಚು ಹಿಡಿದ.

"ಸಾರ್, ಅವನಿಗೆ ಉಸಿರಾಡಕ್ಕೆ ಆಗ್ತಿಲ್ಲ. ಇವತ್ತೊಂದಿನ ಬಿಡಿ ಸಾರ್."

ನಾನು ಕೂಗಾಡಲಿಲ್ಲ. ಹೊಡೆಯಲೂ ಇಲ್ಲ. ಮೆಲ್ಲಗೆ ಕೇಳಿದೆ.

"ನಿನ್ನ ಕೆಲಸದ ಪರ್ಮಿಟ್ಟು ಯಾರ ಡ್ರಾಯರಿನಲ್ಲಿದೆ ಗೊತ್ತಾ?"

ಅವನ ಬೆರಳು ಬಿಡಿಸುವ ಕಷ್ಟವೂ ನನಗೆ ಬರಲಿಲ್ಲ. ತಾನೇ ಬಿಟ್ಟ. ಒಳಗೆ ಕೂತಿದ್ದ ತಮ್ಮ ಅದನ್ನೆಲ್ಲ ನೋಡಿದ. ಅವನಿಗೆ ಬೇರೆ ಬೆದರಿಕೆ ಹಾಕುವ ಅಗತ್ಯ ಬೀಳಲಿಲ್ಲ. ಯಾರ ಜೊತೆಗೂ ಮಾತಾಡಬೇಡ, ಕೇಳಿದ್ದಕ್ಕೆ ತಲೆಯಾಡಿಸು, ಸೀಟಿನ ಹತ್ತಿರ ಗಗನಸಖಿಯರನ್ನು ಕರೆಯೋ ಬೆಲ್ಲಿರುತ್ತೆ, ಅದನ್ನು ಮಾತ್ರ ಒತ್ತಬೇಡ ಅಂದೆ. ಆಯ್ತು ಸಾರ್ ಅಂದ.

ಮುಂದಿನ ಬಾಗಿಲು. ಬಿಸಿ ಟವೆಲ್ಲು. ಮೆತ್ತನೆ ಚಪ್ಪಲಿ. ದಪ್ಪ ಕಾಗದದ ಮೇಲೆ ಊಟದ ಪಟ್ಟಿ. ನಮ್ಮ ಹಿಂದೆ ಪರದೆ ಎಳೆದರು. ಪರದೆಯ ಆಚೆ ಮುನ್ನೂರು ಜನ ಮೊಣಕಾಲು ಎದೆಗೊತ್ತಿಕೊಂಡು ಕೂತಿದ್ದರು. ಅಂಥವರ ಪೈಕಿ ಒಬ್ಬನನ್ನು ಈಚೆಗೆ ತರೋದಕ್ಕೆ ನಮ್ಮ ಕಂಪನಿ ಅವನ ಎಲುಬು ಮುರಿಯಬೇಕಾಗಿತ್ತು.

ಗಗನಸಖಿಯರ ಮುಖ್ಯಸ್ಥೆ, ಕೂದಲು ಅರ್ಧ ನರೆತ ಹೆಂಗಸು, ಸೀಟನ್ನು ಹಾಸಿಗೆ ಮಾಡುವ ಗುಂಡಿ ತೋರಿಸಿ ಹೋದಳು. ವೆಲ್ಡರ್ ನನ್ನ ಕಡೆ ಬಾಗಿದ. ವಿಮಾನ ಮತ್ತೆ ನೆಲ ಮುಟ್ಟುವವರೆಗೆ ಅವನು ತಾನಾಗಿ ಕೇಳಿದ್ದು ಇದೊಂದೇ.

"ಸಾರ್, ಇದು ಮಲಗೋ ಸೀಟಂತೆ. ಕೂತ್ಕೊಂಡೇ ಇದ್ರೆ ಬೈತಾರಾ?"

ಒರಗಿದರೆ ಅವನಿಗೆ ಉಸಿರು ನಿಲ್ಲುತ್ತಿತ್ತು. ಕೂತೇ ಬರಬೇಕು. ಬೆನ್ನು ನೆಟ್ಟಗೆ, ಬಸ್ಸಿನ ಕೊನೇ ಸೀಟಲ್ಲಿ ಕೂತವನ ಹಾಗೆ.

ಬೈಯಲ್ಲ ಅಂತ ಹೇಳಿ ನನ್ನ ಗುಂಡಿ ಒತ್ತಿದೆ. ಎರಡು ಗ್ಲಾಸು ವೈನು. ಸೀಟು ಚಪ್ಪಟೆಯಾಯಿತು. ಹೇಳಿಬಿಡ್ತೀನಿ, ಒಳ್ಳೆ ನಿದ್ದೆ ಬಂತು. ನಾಲ್ಕು ಗಂಟೆ, ಕನಸೂ ಇಲ್ಲದೆ.

ಎದ್ದಾಗ ಅವನು ಕಂಬಳಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ. ಸದ್ದಾಗಬಾರದು ಅಂತ. ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು. ತುಟಿ ನೀಲಿ.

ಬೆಲ್ಲು ಅವನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಒತ್ತಿರಲಿಲ್ಲ.

ಬಿಸಿನೆಸ್ ಕ್ಲಾಸಿನವರಿಗೆ ವೈಫೈ ಬಿಟ್ಟಿ. ಸಾಹೇಬರಿಗೆ ಮೆಸೇಜು ಹಾಕಿದೆ: ಉಸಿರು ಕಟ್ಟುತ್ತಿದೆ. ಉತ್ತರ ಒಂದು ನಿಮಿಷದೊಳಗೆ ಬಂತು. ಯಾರನ್ನೂ ಕರೀಬೇಡ. ವಿಮಾನ ಇಳಿಸಿದರೆ ಪೊಲೀಸರು ಬರ್ತಾರೆ. ನಿದ್ದೆ ಮಾತ್ರೆ ಕೊಟ್ಟು ಮಲಗಿಸು. ಅದರ ಹಿಂದೆಯೇ ಇನ್ನೊಂದು: ಹಿಂದಿನ ಐದು ಜನರನ್ನು ಕಳಿಸಿದ ಕಾಗದದ ಮೇಲೂ ಸಹಿ ನಿನ್ನದೇ, ನೆನಪಿರಲಿ.

ಮಾತ್ರೆ ನನ್ನ ಅಂಗೈಗೆ ಬಂದಿತ್ತು. ಅದನ್ನು ನಾನು ಕೊಡುತ್ತಿದ್ದೆನಾ? ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಸಾಕಲ್ಲ.

ಮುಖ್ಯಸ್ಥೆ ತಾನಾಗಿ ಬಂದಳು. ನಾನು ಕರೆದದ್ದಲ್ಲ. ನೀರಿನ ಗ್ಲಾಸು ತೆಗೆಯಲು ಬಂದವಳು ಅವನ ಮುಖ ನೋಡಿದಳು. ಅರ್ಧ ನಿಮಿಷದಲ್ಲಿ ಸ್ಪೀಕರಿನಲ್ಲಿ ಡಾಕ್ಟರು ಯಾರಾದರೂ ಇದ್ದಾರಾ ಅನ್ನುವ ಕರೆ.

ಪರದೆ ಸರಿಸಿಕೊಂಡು ಬಂದದ್ದು ಐವತ್ತು ದಾಟಿದ ಒಬ್ಬ ಅಮ್ಮ. ಕೊನೇ ಸಾಲಿನಿಂದ, ಶೌಚಾಲಯದ ಪಕ್ಕದ ಸೀಟಿನಿಂದ. ಕಾಲಿಗೆ ಬರೀ ಕಾಲುಚೀಲ. ತಾನು ಪ್ರಾಣಿಗಳ ಡಾಕ್ಟರು, ಬೇರೆ ಯಾರೂ ಇಲ್ಲದಿದ್ದರೆ ನೋಡ್ತೀನಿ ಅಂದರು. ಬೇರೆ ಯಾರೂ ಇರಲಿಲ್ಲ. ಅವನ ಎದೆಗೆ ಕಿವಿಯಿಟ್ಟರು, ಬೆರಳಿನಿಂದ ತಟ್ಟಿದರು. ಬಿದ್ದಿದ್ದನಾ, ಪೆಟ್ಟು ತಿಂದಿದ್ದನಾ, ರಿಪೋರ್ಟು ಏನಾದರೂ ಇದೆಯಾ ಅಂತ ನನ್ನನ್ನು ಕೇಳಿದರು.

ಎಕ್ಸ್‌ರೇ ನನ್ನ ಬ್ಯಾಗಿನಲ್ಲಿತ್ತು. ಕೊಟ್ಟರೆ ನನಗೆ ಗೊತ್ತಿತ್ತು ಅಂತ ಒಪ್ಪಿಕೊಂಡ ಹಾಗೆ.

"ಆಸ್ತಮಾ," ಅಂದೆ.

ಅವರು ನನ್ನನ್ನು ನಂಬಿದರು. ಕೋಟು ಹಾಕಿದವನು ಹೇಳಿದರೆ ನಂಬುತ್ತಾರೆ. ಆಸ್ತಮಾದ ಪಂಪು ತರಿಸಿದರು, ಎರಡು ಸಲ ಒತ್ತಿದರು, ಕಾದರು. ಹತ್ತು ನಿಮಿಷ! ಅವನ ಕಣ್ಣು ಮೇಲೆ ಹೊರಳುವವರೆಗೆ. ಮುಂದಿನ ಸಾಲಿನ ಒಬ್ಬ ದೊಡ್ಡ ಮನುಷ್ಯ ಅವನನ್ನು ಆ ಪರದೆಯ ಆಚೆ ಕರ್ಕೊಂಡು ಹೋಗ್ತೀರಾ, ತಿಂಡಿ ತಿನ್ನೋಕಾಗ್ತಿಲ್ಲ ಅಂದ. ಅವನ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸಿತು. ಆಮೇಲೆ ನೋಡಿಕೊಂಡೆ... ನನಗೂ ಅವನಿಗೂ ಒಂದೇ ಮೆತ್ತನೆ ಚಪ್ಪಲಿ.

ಕವರು ತೆಗೆದು ಕೊಟ್ಟೆ.

ಆಯಮ್ಮ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಆಮೇಲೆ ನನ್ನ ಕಡೆ ಒಂದು ಸಲ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಾಯಿಗಳಿಗೆ ಮಾಡಿದ್ದೀನಿ," ಅಂದರು ಮುಖ್ಯಸ್ಥೆಗೆ. "ದಪ್ಪ ಸೂಜಿ ಇದ್ದರೆ ಕೊಡಿ. ವಿಮಾನ ಕೆಳಗಿಳಿಸೋಕೆ ಹೇಳಿ."

ಸೂಜಿ ಪಕ್ಕೆಲುಬಿನ ಸಂದಿಯಲ್ಲಿ ಇಳಿಯಿತು. ಸೈಕಲ್ ಟ್ಯೂಬಿನಿಂದ ಬಿಟ್ಟ ಹಾಗೆ ಗಾಳಿ ಹೊರಬಂತು. ವೆಲ್ಡರ್ ಒಂದು ಉದ್ದನೆಯ ಉಸಿರು ಎಳೆದುಕೊಂಡ. ಸುತ್ತ ನಿಂತಿದ್ದ ಗಗನಸಖಿಯರಲ್ಲಿ ಒಬ್ಬಳು ಅತ್ತಳು. ನಾನು ಅಳಲಿಲ್ಲ. ಆ ಹಕ್ಕು ನನಗಿರಲಿಲ್ಲ.

ಅವನು ಬದುಕಿದ್ದಾನೆ, ಈಗಲೇ ಹೇಳಿಬಿಡ್ತೀನಿ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಂತೆ. ವೆಲ್ಡಿಂಗ್ ಬಿಟ್ಟನಂತೆ.

ಮಾರ್ಗದ ನಡುವೆ ಯಾವುದೋ ಏರ್‌ಪೋರ್ಟಿನಲ್ಲಿ ಇಳಿದೆವು. ಹೊರಗೆ ಮಟಮಟ ಮಧ್ಯಾಹ್ನ. ಆಂಬುಲೆನ್ಸಿನವರು ಅವನನ್ನು ಕೂರಿಸಿದ ಹಾಗೇ ಎತ್ತಿಕೊಂಡರು. ಬಾಗಿಲಿನ ಹತ್ತಿರ ಅವನು ಮುಖದ ಮೇಲಿನ ಆಮ್ಲಜನಕದ ಮುಖವಾಡ ಸರಿಸಿದ. ಶಾಪ ಹಾಕ್ತಾನೆ ಅಂದುಕೊಂಡೆ. ಹಾಕಲಿ ಅಂತ ಕಾದೆ.

"ಅಣ್ಣನ ಕೆಲಸ ಹೋಗುತ್ತಾ ಸಾರ್?"

ಅವನನ್ನು ಕೆಳಗಿಳಿಸಿದರು.

ಬಾಗಿಲಲ್ಲಿ ಏರ್‌ಪೋರ್ಟ್ ಪೊಲೀಸಿನವನು ಹೇಳಿಕೆ ಬರೆಸಿಕೊಳ್ಳಲು ಕಾಗದ ಹಿಡಿದು ನಿಂತಿದ್ದ. ಎಕ್ಸ್‌ರೇ ಕವರು ಪ್ರಾಣಿ ಡಾಕ್ಟರಮ್ಮನ ಕೈಯಲ್ಲಿತ್ತು. ಅಷ್ಟರಲ್ಲಿ ಫೋನು. ಸಾಹೇಬರು. ಅವರದು ಯಾವತ್ತೂ ತಣ್ಣನೆಯ ದನಿ. ಅವನು ಗಾಯ ಮುಚ್ಚಿಟ್ಟಿದ್ದ, ನನಗೇನೂ ಗೊತ್ತಿರಲಿಲ್ಲ ಅಂತ ಎರಡು ಸಾಲು ಬರೆದುಕೊಡು ಅಂದರು. ಊರಲ್ಲಿ ವಕೀಲರು ಕಾಯ್ತಾರೆ, ಹಿಂದಿನ ಐದು ಕಾಗದ ಹೊರಗೆ ಬಾರದ ಹಾಗೆ ನಾನು ನೋಡ್ಕೋತೀನಿ ಅಂದರು.

ಧೈರ್ಯ ಬಂತು ಅಂತ ತಿಳಿಯಬೇಡಿ. ಆ ಎರಡು ಸಾಲು ಬರೆಯೋ ಆಸೆ ಇತ್ತು. ಆದರೆ ಬರೆದು ಮುಗಿಸಿದ ಮೇಲೆ ಅವನು ಹಲ್ಲಲ್ಲಿ ಕಚ್ಚಿದ್ದ ಆ ಕಂಬಳಿ ಬಿದ್ದಿರುವ ಸೀಟಿನ ಪಕ್ಕದಲ್ಲಿ ಇನ್ನೂ ಎಂಟು ಗಂಟೆ ಕಳೆಯಬೇಕಿತ್ತು.

ಸಾರ್ಥಕವಾ ಅಂತ ಕೇಳಿದಿರಲ್ಲ, ನನ್ನ ಉತ್ತರ ಅಷ್ಟೇ.

ಬಾಗಿಲು ಮುಚ್ಚಬೇಕು, ಒಳಗೋ ಹೊರಗೋ ಅಂದಳು ಮುಖ್ಯಸ್ಥೆ. ಸಾಹೇಬರು ಫೋನಿನಲ್ಲಿ ನಕ್ಕರು.

"ತಲೆ ಕೆಡಿಸ್ಕೋಬೇಡ. ಹೋಗಿ ಮಲಕ್ಕೋ."

ಪೊಲೀಸಿನವನ ಜೊತೆ ಇಳಿಯೋಕೆ ಮೆಟ್ಟಿಲಿಗೆ ಕಾಲಿಟ್ಟು ಹೇಳಿದೆ.

"ಆಗಲ್ಲ ಸಾಹೇಬ್ರೇ. ಇಲ್ಲಿ ಎರಡು ಸೀಟು ಖಾಲಿ ಬಿದ್ದಿವೆ... ಬೇಕಾದ್ರೆ ನೀವೇ ಬಂದು ಮಲಕ್ಕೊಳ್ಳಿ."