ಮೇಲುಗೈ

ಲಕ್ಷ್ಮೇಶ್ವರದಿಂದ ಫೋನು ಮಾಡಿದ ಅವ್ವ ಅಮೃತವ್ವ ಎಂದಿನಂತೆ, “ವರ ಸಿಕ್ಕನೇನವಾ?” ಎಂದಳು.

“ಇವತ್ತ ನರ ಸಿಕ್ಕರ ಸಾಕಾಗೇತಿ ಯವ್ವಾ,” ಎಂದಳು ಅರಿವಳಿಕೆ ಡಾಕ್ಟರು ಶಾಂಭವಿ.

“ನರಮನಷ್ಯಾ ಆದ್ರ ಸಾಕು. ನಾ ಏನ್ ದೇವರನ್ನ ಕೇಳೀನೇನ?”

ಫೋನಿಟ್ಟು ಶಾಂಭವಿ ಗದಗಿನ ತನ್ನ ಆಸ್ಪತ್ರೆಯ ಆಪರೇಶನ್ ಥಿಯೇಟರಿಗೆ ಹೋದಳು. ಟೇಬಲ್ಲಿನ ಮೇಲೆ ವೀರು ಮಲಗಿದ್ದ. ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಕಾಗದ ಕತ್ತರಿಸುವ ಮಶಿನ್ನು ಬಲಗೈ ಬೆರಳುಗಳನ್ನೂ ಕಾಗದವೆಂದೇ ತಿಳಿದಿತ್ತು. ಹೊಲಿಯಬೇಕು. ಆದರೆ ಹುಟ್ಟಿನಿಂದಲೇ ಅವನ ಹೃದಯ ನಾಜೂಕು. ಪೂರ್ತಿ ಪ್ರಜ್ಞೆ ತಪ್ಪಿಸುವಂತಿಲ್ಲ, ಕೈ ಜೋಮು ಹಿಡಿಸುವ ಔಷಧ ಜಾಸ್ತಿಯಾದರೆ ಹೃದಯವೇ ನಿಂತೀತು.

“ಮದಲೆಲ್ಲ ಸೂಜಿ ಕುರುಡಿತ್ರಿ,” ಎಂದಳು ಶಾಂಭವಿ. “ನರ ಎಲ್ಲೈತೋ ಗೊತ್ತಿಲ್ಲಂತ ಸುತ್ತ ಕೆರಿ ತುಂಬಿಸಿದಂಗ ಔಷಧ ಹಾಕ್ತಿದ್ವಿ. ಈಗ ಅಲ್ಟ್ರಾಸೌಂಡಿನಾಗ ನೋಡಿ ನರದ ಬಾಜೂಕ ಹನಿ ಬಿಡೂದು. ಮದಲಿನ ಅರ್ಧಾನೂ ಬ್ಯಾಡ.”

“ಪ್ರೂಫ್ ನೋಡಿ ಅಚ್ಚ ಹಾಕಿದಂಗ,” ಎಂದ ವೀರು. “ನೀವರ ಕೈ ಕೊಡಬ್ಯಾಡ್ರಿ ಮತ್ತ.”

“ಕೈ ಕೊಡೂದು ನೀವು. ಅಲುಗಾಡಬ್ಯಾಡ್ರಿ.”

ಅಲ್ಟ್ರಾಸೌಂಡಿನ ಪರದೆ ಚೆನ್ನಾಗಿ ಕಾಣಲೆಂದು ದೀಪ ಸಣ್ಣದಾಯಿತು. ಕತ್ತಿನ ಬುಡಕ್ಕೆ ತಣ್ಣನೆಯ ಜೆಲ್ಲು. ಬೂದುಮಂಜಿನ ನಡುವೆ ರಕ್ತನಾಳವೊಂದು ಕಪ್ಪು ಕಣ್ಣಿನಂತೆ ಮಿಡಿಯುತ್ತಿತ್ತು. ಅದರ ಪಕ್ಕದಲ್ಲೇ ಕೈಗಿಳಿಯುವ ನರಗಳ ಗೊಂಚಲು.

“ಅದು ನೋಡಾಕತ್ತೈತಿ,” ಎಂದ ವೀರು.

“ನಿಮ್ಮದ ಅದು.”

“ನಂದಾದ್ರ ನಿಮ್ಮನ್ನ ನೋಡಾಕತ್ತಿರಬೇಕು.”

ಮಾಸ್ಕಿನೊಳಗೆ ನಕ್ಕರೆ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಅವಳು ನಕ್ಕಳು. ಹನಿ ಬಿಟ್ಟಳು.

ಸ್ವಲ್ಪ ಹೊತ್ತಿಗೆ ಕೈ ಟೇಬಲ್ಲಿನ ಪಕ್ಕದ ಹಲಗೆಯ ಮೇಲೆ ಮರದ ತುಂಡಿನಂತೆ ಬಿತ್ತು. ಅವನಿಗೆ ಕಾಣದಂತೆ ಹಸಿರು ಬಟ್ಟೆ ಅಡ್ಡ ಬಂತು. ಹಿರಿಯ ಸರ್ಜನ್ ಪುಂಡಲೀಕಪ್ಪ, “ಕೈ ಎಲ್ಲೈತೋ ತಮ್ಮಾ?” ಎಂದು ಕೇಳಿದರು.

“ಮ್ಯಾಲ ಐತ್ರಿ. ಗಾಳಿಯಾಗ ಎದ್ದೈತಿ. ಯಾರನ್ನೋ ಹುಡುಕಾಕತ್ತೈತಿ.”

“ನೋಡ್ರಿ ಡಾಕ್ಟರ್, ಕೈ ಇನ್ನೂ ಗೊತ್ತಾಗತೈತಿ ಅಂವಗ. ನಿಮ್ಮ ಚೂರು ಔಷಧ ಸಾಲಿಲ್ಲ. ಇನ್ನೊಂದು ಸಿರಿಂಜ್ ಹಾಕ್ರಿ.”

ಇನ್ನೊಂದು ಸಿರಿಂಜನ್ನು ಆ ಹೃದಯ ತಡೆಯುವುದೇ? ಶಾಂಭವಿ ಹಲಗೆಯ ಮೇಲಿನ ಬೆರಳನ್ನು ಉಗುರಿನಿಂದ ಚಿವುಟಿದಳು. ವೀರು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಜೋಮು ಹಿಡಿದ ಕೈ ಕೆಲವರಿಗೆ ಮೇಲೆದ್ದಂತೆ ಅನಿಸುತ್ತದೆ ಎಂದು ಅವಳು ಓದಿದ್ದಳು. ಅದು ಹುಡುಕುತ್ತದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವಳು ಸುಮ್ಮನೆ, ಅವನೆದೆಯ ಮೇಲಿನ ಬರೀ ಗಾಳಿಗೆ ಬಲಗೈ ಎತ್ತಿದಳು. ಕಣ್ಣಿಗೆ ಕಾಣದ ಐದು ತಣ್ಣನೆಯ ಬೆರಳು ಅದರ ಸುತ್ತ ಮಡಚಿಕೊಂಡವು.

ಬಟ್ಟೆಯಾಚೆಯಿಂದ ವೀರು ಉಸಿರು ಬಿಟ್ಟ. “ಹಾಂ. ಸಿಕ್ಕರು.”

“ಇನ್ನ ಔಷಧ ಬ್ಯಾಡ ಸರ್,” ಎಂದಳು ಶಾಂಭವಿ. ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ. “ಹಲಗಿ ಮ್ಯಾಲಿನ ಕೈಗೆ ಏನೂ ಗೊತ್ತಿಲ್ಲ. ಹೊಲೀರಿ.”

ಹೊಲಿದರು. ವೀರು ಒಮ್ಮೆಯೂ ಮುಲುಗಲಿಲ್ಲ, ಹೃದಯ ಒಮ್ಮೆಯೂ ತಪ್ಪಲಿಲ್ಲ.

ಸಂಜೆ ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುವಾಗಲೂ ಅವಳ ಬಲಗೈಯನ್ನು ಆ ಹಿಡಿತ ಬಿಟ್ಟಿರಲಿಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಆಮೇಲೆ ಬೆರಳು ಒಂದೊಂದಾಗಿ ಸಡಿಲಾದವು. ಅಂಗೈ ಬರಿದಾಯಿತು. ಆಗ ಹೆದರಿಕೆಯಾಯಿತು.

ಫೋನು ಬಂತು. ಆಸ್ಪತ್ರೆಯಿಂದ ವೀರು.

“ಡಾಕ್ಟ್ರ, ಕೈ ಕೆಳಗ ಬಂತ್ರಿ. ಬೆರಳು ಅಲುಗಾಡಿದ್ವು.”

“ಔಷಧ ಜರಾ ಕಡಿಮಿ ಆತೇನೋ,” ಎಂದಳು ಶಾಂಭವಿ. ಡೋಸು ಇಳಿಸಿದ್ದಕ್ಕೆ ಅವಳು ಮರುಗಿದ್ದು ಇದೇ ಮೊದಲು. “ನೋವೈತೇನ್ರಿ?”

“ಐತ್ರಿ. ಹೊಲಿಗೀದಲ್ಲ. ನಿಮ್ಮನ್ನ ಬಿಟ್ಟಿದ್ದರದು. ಅಂದಂಗ ಮದಲ ಕೈ ತೊಳಕೊಳ್ರಿ. ಹಿಟ್ಟ ಒಣಗಾಕತ್ತೈತಿ.”

ಹಿಟ್ಟಿನ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಶಾಂಭವಿ ಕೈ ತೊಳೆಯಲಿಲ್ಲ. ಫೋನನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯನ್ನು ಬರೀ ಗಾಳಿಗೆ ಚಾಚಿ, ಮೆಲ್ಲಗೆ ಹೇಳಿದಳು: “ಹಿಡೀರಿ.”