ಅಪ್ಪನ ಉಸಿರಿಗೆ ತಕ್ಕ ಸಾಲುಗಳು

ಮಲೆಬೆನ್ನೂರಿನ ಕಡೆ ತಿರುಗಾಡಿ ಬಂದ ರೂಪಶ್ರೀ, ಸರಸ್ವತಿ ನಗರದ ತನ್ನ ಮನೆಯ ಗೇಟು ತೆರೆಯುವಾಗಲೇ ಒಳಗಿನಿಂದ ಗಂಡಸಿನ ದನಿಯೊಂದು ಕೇಳಿಸಿತು. ಯಾರೋ ಓದುತ್ತಿದ್ದರು. ಓದುತ್ತಿದ್ದುದು ಅವಳದೇ ವಾಕ್ಯ. ಇನ್ನೂ ಯಾರಿಗೂ ತೋರಿಸದ, ಅರ್ಧಕ್ಕೆ ನಿಂತುಹೋದ ಕಾದಂಬರಿಯದು.

ಕಾಲುವೆ ನೀರಿಗಾಗಿ ಜಗಳವಾಡುವ ಊರೊಂದರ ಕಥೆ ಅದು. ಗದ್ದೆಯ ಊರುಗಳನ್ನು ಸುತ್ತಿದರೆ ಮುಂದಕ್ಕೆ ಸಾಗೀತೇನೋ ಎಂದೇ ಅವಳು ಹೋಗಿ ಬಂದಿದ್ದಳು. ಚಪ್ಪಲಿ ಬಿಡುವುದನ್ನೂ ಮರೆತು ಹಾಲ್‌ಗೆ ನುಗ್ಗಿದಳು.

ಅಪ್ಪ ಹಾಲೇಶಪ್ಪನವರ ಕುರ್ಚಿಯ ಪಕ್ಕ ಸುಮಾರು ಅವಳದೇ ವಯಸ್ಸಿನ ಒಬ್ಬಾತ ಕೂತಿದ್ದ. ಕೈಯಲ್ಲಿ ಅವಳ ಹಾಳೆಗಳು.

"ಯಾರ್ರೀ ನೀವು? ಇವನ್ನ ಮುಟ್ಟಾಕೆ ಯಾರು ಹೇಳಿದ್ರು?"

ಆತ ಎದ್ದು ನಿಂತ. "ಕೊಟ್ಟೂರೇಶ್ ಅಂತ. ಸ್ಪೀಚ್ ಥೆರಪಿಸ್ಟ್. ಹರಿಹರದಿಂದ ಬಂದೀನಿ. ಅಮ್ಮಾರು ಕರೆಸಿದ್ರು."

ಅಡುಗೆಮನೆಯಿಂದ ಅಮ್ಮ ನಿರ್ಮಲಮ್ಮ ಓಡಿಬಂದರು. "ಅವರಿಗೆ ಬೈಬ್ಯಾಡವ್ವ. ನಿಮ್ಮಪ್ಪನೇ ಮೇಜಿನ ಮ್ಯಾಲಿಂದ ಎಳಕೊಂಡಿದ್ದು."

ಹತ್ತಿ ವ್ಯಾಪಾರ ಮಾಡಿಕೊಂಡು ಬಜಾರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಹಾಲೇಶಪ್ಪನವರಿಗೆ ಸಂಕ್ರಾಂತಿಯ ಹೊತ್ತಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಆವತ್ತಿನಿಂದ ಮಗಳ ಬರವಣಿಗೆಯೂ ನಿಂತಿತ್ತು.

"ಬೆಕ್ಕು, ಕೋಳಿ ಚಿತ್ರ ತೋರಿಸಿದೆ. ಎಸೆದುಬಿಟ್ರು," ಎಂದ ಕೊಟ್ಟೂರೇಶ್. "ಮಗಳು ಬರೆದಿದ್ದು ಅಂದ ಕೂಡ್ಲೆ ಬಾಯಿ ತೆರೆದ್ರು. ಒಂದೇ ತಕರಾರು ಮೇಡಂ. ನಿಮ್ಮ ವಾಕ್ಯ ಭಾಳ ಉದ್ದ ಅದಾವೆ. ಅಪ್ಪಾರಿಗೆ ಅರ್ಧದಾಗೇ ಉಸಿರು ಸಾಲಲ್ಲ."

ಮೂರು ಕಾದಂಬರಿ ಬರೆದವಳಿಗೆ ಯಾರೂ ಹೀಗೆ ಹೇಳಿರಲಿಲ್ಲ. ರೇಗಬೇಕೆಂದುಕೊಂಡಳು. ಅಷ್ಟರಲ್ಲಿ ಅಪ್ಪನ ಬೆರಳು ಹಾಳೆಯ ಮೇಲೆ ತಡವರಿಸುತ್ತ ಹೋಗಿ ಒಂದು ಪದದ ಬಳಿ ನಿಂತಿತು.

"ನೀ... ರು," ಎಂದರು ಅಪ್ಪ.

ಮರುದಿನ ಬೆಳಿಗ್ಗೆಯೇ ರೂಪಶ್ರೀ ಮೊದಲ ಅಧ್ಯಾಯವನ್ನು ಹೊಸದಾಗಿ ಬರೆಯಲು ಕೂತಳು. ಕಿಟಕಿಯಾಚೆ ಹೊಂಗೆಮರ ಚಿಗುರಿತ್ತು. ಒಂದೊಂದು ವಾಕ್ಯವನ್ನೂ ಅಪ್ಪನ ಒಂದು ಉಸಿರಿಗೆ ದಕ್ಕುವಷ್ಟೇ ಇಟ್ಟುಕೊಂಡಳು. ಅಲಂಕಾರಗಳೆಲ್ಲ ಉದುರಿದವು. ಉಳಿದ ಮಾತು ಅವಳಿಗೇ ಹೊಸದೆನಿಸಿತು. ಇದನ್ನು ತಾನು ಮುಗಿಸಿಯೇ ಮುಗಿಸಬೇಕು, ಅಪ್ಪ ಓದಿಯೇ ಓದಬೇಕು ಎಂದು ನಿಶ್ಚಯಿಸಿದಳು.

ಕೊಟ್ಟೂರೇಶ್ ದಿನ ಬಿಟ್ಟು ದಿನ ಹರಿಹರದಿಂದ ರೈಲಿಗೆ ಬರುತ್ತಿದ್ದ. ಬಂದವನೇ ಹೊಸ ಹಾಳೆಗೆ ಕೈಚಾಚುತ್ತಿದ್ದ.

"ಅವಸರ ಯಾರಿಗ್ರಿ? ಅಪ್ಪನಿಗೋ, ನಿಮಗೋ?"

"ಅಪ್ಪಾರ ಹೆಸರಿನಾಗೆ ನನ್ನ ಓದೂ ನಡೀತೈತೆ," ಎಂದು ನಕ್ಕ. ನಗುವಾಗ ಅವನ ಕಣ್ಣು ಹಾಳೆಯ ಅಂಚು ದಾಟಿ ಅವಳವರೆಗೆ ಬಂದು, ಅಲ್ಲೇ ಸಿಕ್ಕಿಬಿದ್ದು, ಮತ್ತೆ ಅಕ್ಷರಗಳ ಹಿಂದೆ ಅಡಗಿಕೊಂಡಿತು.

ಒಂದು ದಿನ ಕಥೆಯಲ್ಲಿ ಕಾಲುವೆಯ ತೂಬು ಕಾಯುವವನು ನಾಯಕಿ ರಂಗವ್ವನಿಗೆ ತನ್ನ ಮನಸ್ಸು ಹೇಳಿಕೊಳ್ಳುವ ಜಾಗ ಬಂತು. ಓದುತ್ತಿದ್ದ ಕೊಟ್ಟೂರೇಶ್ ನಿಂತುಬಿಟ್ಟ.

"ಇದನ್ನ ನೀವೇ ಓದ್ರಿ."

"ಯಾಕ? ಇದೂ ಉದ್ದ ಆತಾ?"

"ಇಲ್ಲ. ಇವತ್ತು ನನ್ನ ದನಿ ಸರಿ ಇಲ್ಲ."

ಅವನ ಕಿವಿ ಕೆಂಪಾಗಿತ್ತು. ಅಪ್ಪ ಇಬ್ಬರನ್ನೂ ಸರದಿಯಂತೆ ನೋಡಿ, ಸ್ವಾಧೀನದಲ್ಲಿದ್ದ ಅರ್ಧ ಬಾಯಲ್ಲೇ ನಕ್ಕರು.

ಮುಂದಿನ ಸಲ ಅವನು ಬರಲಿಲ್ಲ. ಮುಸರತ್ ಎಂಬ ಥೆರಪಿಸ್ಟ್ ಬಂದಳು. "ಸರ್ ಈ ಕೇಸ್ ನನಗೆ ಕೊಟ್ಟಾರ್ರಿ," ಎಂದಳು. ರೂಪಶ್ರೀ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಆದರೂ ಅವಳು ಬರೆಯುವುದನ್ನು ಬಿಡಲಿಲ್ಲ. ಬೆಳಗಾದರೆ ಕೂರುತ್ತಿದ್ದಳು, ಬರೆದದ್ದನ್ನು ಅಪ್ಪನಿಂದ ತಾನೇ ಓದಿಸುತ್ತಿದ್ದಳು.

ಯುಗಾದಿಯ ಹಿಂದಿನ ದಿನ ಅಪ್ಪ ಹಾಳೆಯನ್ನು ಪಕ್ಕಕ್ಕಿಟ್ಟು, ಮಗಳ ಮುಖ ನೋಡಿ, ಕಥೆಯಲ್ಲಿ ಇಲ್ಲದ ಮಾತೊಂದನ್ನು ಆಡಿದರು.

"ಹೋ... ಗು. ಕ... ರಕಂಡು ಬಾ."

ಆ ಮಧ್ಯಾಹ್ನವೇ ಅವಳು ಹರಿಹರದ ಬಸ್ಸು ಹತ್ತಿದಳು. ಕ್ಲಿನಿಕ್ಕಿನಲ್ಲಿ ಅವನಿರಲಿಲ್ಲ, ಹೊಳೆ ಕಡೆ ಹೋಗಿದ್ದಾರೆ ಎಂದರು. ತುಂಗಭದ್ರೆ ಸೊರಗಿ ಬಂಡೆಗಳ ಸಂದಿಯಲ್ಲಿ ಹರಿಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತಿದ್ದವನು ಅವಳನ್ನು ಕಂಡು ಗಡಬಡಿಸಿ ಎದ್ದ.

"ಹೇಳದೆ ಕೇಳದೆ ಬಿಟ್ಟು ಹೋಗೋದು ಯಾವ ಟ್ರೀಟ್‌ಮೆಂಟ್ರಿ?"

"ತಪ್ಪಾತು. ಅಪ್ಪಾರ ಕಾಯಿಲೆ ನೋಡಾಕೆ ಅಂತ ಒಳಗೆ ಬಿಟ್ಕಂಡ್ರಿ. ಅಲ್ಲಿ ಕೂತು ನಾನು ನಿಮ್ಮನ್ನ ನೋಡ್ತಿದ್ದೆ. ಸರಿ ಅನ್ನಿಸಲಿಲ್ಲ. ಅದಕ್ಕೇ ಕೇಸ್ ಬಿಟ್ಟೆ."

"ಅಂದ್ರೆ ಈಗ ನೀವು ಅಪ್ಪನ ಥೆರಪಿಸ್ಟ್ ಅಲ್ಲ?"

"ಅಲ್ಲ."

"ಹಂಗಾರೆ ಈಗ ಹೇಳ್ರಿ."

ದಿನವೆಲ್ಲ ಬೇರೆಯವರಿಗೆ ಮಾತು ಕಲಿಸುವವನು ಹೊಳೆ ನೋಡಿದ, ಮೆಟ್ಟಿಲು ನೋಡಿದ. ರೂಪಶ್ರೀ ಕೆಳಗಿಳಿದು ಅವನೆದುರು ನಿಂತಳು.

"ಹೋಗ್ಲಿ, ನಾನೇ ಹೇಳ್ತೀನಿ. ನೀವಿಲ್ಲದೆನೂ ಬರೆದೆ. ಬರೆಯಾಕೆ ಬಂತು. ಆದ್ರೂ ನೀವು ಬೇಕು ಅನ್ನಿಸ್ತು. ಅದನ್ನ ಹೇಳಾಕೇ ಬಂದೀನಿ."

ಅವನ ಕಣ್ಣು ತುಂಬಿತು. "ನನಗೂ ಅಷ್ಟೇ, ರೂಪಶ್ರೀ," ಎಂದ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ನಾಳೆ ಹಬ್ಬಕ್ಕೆ ಬಂದು ಅಪ್ಪಾರ ಹತ್ರ ಮದುವೆ ಮಾತು ಎತ್ತಲಾ?"

"ಕಾದಂಬರಿ ಮುಗಿಯೋತನಕ ಮದುವೆ ಮಾತು ಬ್ಯಾಡ ಅಂತ ಅಮ್ಮನಿಗೆ ಹೇಳೀನಿ."

ಅವನ ಮುಖ ಇಳಿಯಿತು. "ಇನ್ನೂ ಎಷ್ಟು ಅಧ್ಯಾಯ ಅದಾವೆ?"

ರೂಪಶ್ರೀ ಅವನ ಕೈ ಹಿಡಿದುಕೊಂಡಳು.

"ಇವತ್ತು ಬೆಳಿಗ್ಗೆ ಮುಗೀತು."