ಔಷಧಿ ಕಿಟಕಿಯ ಗಂಡ

"ರೀ, ನನ್ನ ಪುಸ್ತಕದ ಮೇಲೆ ನಿಮ್ಮದನ್ನ ಯಾಕೆ ಇಟ್ರಿ? ಆಮೇಲೆ ಬಂದೋರು ಕೆಳಗಿಡ್ಬೇಕು ಅಂತ ಗೊತ್ತಿಲ್ವಾ?"

ಲುಸುಂಗು ವನಂಗ್ವನಿಗೆ ಆಡಿದ ಮೊದಲ ಮಾತೇ ಜಗಳದ್ದು.

ನ್ಯಿಕಾ ಬೆಟ್ಟದ ತಪ್ಪಲಿನ ಆ ಆಸ್ಪತ್ರೆಯಲ್ಲಿ ಔಷಧಿಗೆ ಜನ ಸಾಲು ನಿಲ್ಲುವುದಿಲ್ಲ, ಅವರ ಆರೋಗ್ಯ ಪುಸ್ತಕಗಳು ನಿಲ್ಲುತ್ತವೆ. ಕಿಟಕಿಕಟ್ಟೆಯ ಮೇಲೆ ಬೆಳಗಿನ ಜಾವದಿಂದಲೇ ರಾಶಿ ಬೀಳುತ್ತದೆ. ಮೇಲಿನ ಹೆಸರನ್ನು ಮೊದಲು ಕೂಗುತ್ತಾರೆ.

ಅವನು ತನ್ನ ಪುಸ್ತಕ ತೆಗೆದು ಎಲ್ಲದರ ಅಡಿಗಿಟ್ಟ. ಸರಿಯಾಗಿ ಅವನ ಸರದಿಗೆ ಮಾತ್ರೆ ಮುಗಿಯಿತು.

"ಯಾರಿಗೆ ಔಷಧಿ?" ಲುಸುಂಗು ಮೆಲ್ಲಗೆ ಕೇಳಿದಳು.

"ಅವ್ವಂಗೆ. ಮೂರ್ಛೆರೋಗ."

ಅವಳದೂ ಅದೇ. ಚರ್ಚಿನಲ್ಲಿ ಹಾಡುತ್ತಾ ಹಾಡುತ್ತಾ ಬಿದ್ದ ದಿನವೇ, ಮದುವೆಯಾಗುತ್ತೇನೆಂದಿದ್ದವನು ಬೆನ್ನು ತಿರುಗಿಸಿದ್ದ. ಅವಳು ಪೊಟ್ಟಣ ಬಿಚ್ಚಿ ಅರ್ಧ ಮಾತ್ರೆಗಳನ್ನು ಅವನ ಅಂಗೈಗೆ ಸುರಿದಳು.

ಮುಂದಿನ ತಿಂಗಳು ಅವನೇ ಹತ್ತಿರ ಬಂದ. "ನಿಮ್ಮೂರು ದೂರ. ನಮ್ಮನೆ ಆಸ್ಪತ್ರೆ ಹಿಂದೇನೇ. ಪುಸ್ತಕ ನನ್ನತ್ರ ಬಿಟ್ಟೋಗಿ, ಜಾವಕ್ಕೇ ಇಟ್ಟಿರ್ತೀನಿ. ನೀವು ನಿಧಾನಕ್ಕೆ ಬನ್ನಿ."

ಹಾಗೇ ಏಳು ತಿಂಗಳು ನಡೆಯಿತು. ಮಾವಿನ ಮರದಡಿ ಇಬ್ಬರೂ ಸುಟ್ಟ ಗೆಣಸು ತಿನ್ನುತ್ತಾ ಹೆಸರು ಕೂಗುವುದನ್ನು ಕಾಯುತ್ತಿದ್ದರು. ಔಷಧಿ ತಾರೀಖಿಗೆ ಯಾರಾದರೂ ಹಾತೊರೆಯುತ್ತಾರೆಯೇ? ಈ ಹುಚ್ಚು ಹುಡುಗಿ ಹಾತೊರೆದಳು. ಬಾಯಿ ಮಾತ್ರ ಬಿಡಲಿಲ್ಲ.

'ಬೀಳೋಳಿಗೆ ಯಾಕೆ ಇದೆಲ್ಲ...'

ಎಂಟನೇ ತಿಂಗಳು ಗ್ರಹಚಾರ ಕೆಟ್ಟಿತು. ಚೀಟಿ ಹಳೆಯದಾಯಿತು, ಹೊಸದು ಬರೆಸಿ ಎಂದರು. ಬರೆಯುವ ಡಾಕ್ಟರು ತರಬೇತಿಗೆ ಹೋಗಿದ್ದರು. ಅವರು ಬಂದು ಬರೆದುಕೊಟ್ಟರೆ ರಾಜಧಾನಿ ಲಿಲಾಂಗ್ವೆಯಿಂದ ಔಷಧಿ ಲಾರಿ ಬಂದಿರಲಿಲ್ಲ. ಅಲೆದು ಅಲೆದು ಚಪ್ಪಲಿ ಸವೆಯಿತು. ಹೊಸ ಚೀಟಿಯಿದ್ದ ಪುಸ್ತಕ ಎಂದಿನಂತೆ ವನಂಗ್ವನ ಬಳಿಯೇ ಇತ್ತು; ಲುಸುಂಗು ಬಳಿ ಉಳಿದದ್ದು ಒಂದೇ ಮಾತ್ರೆ.

ಗುರುವಾರ ಲಾರಿ ಬರುತ್ತದೆಂದು ಕೇಳಿ ಹೊಳೆಯ ಅಡ್ಡದಾರಿಯಲ್ಲಿ ಓಡೋಡಿ ಹೋದಳು. ಕಿಟಕಿ ಮುಚ್ಚುತ್ತಿತ್ತು.

"ಹತ್ತು ಜನಕ್ಕಾಗೋಷ್ಟೇ ಬಂದಿತ್ತು ಕಣೇ," ಎಂದರು ಔಷಧಿ ಕೊಡುವ ಮುಂತಾಲಿಯಮ್ಮ. "ನಿಂದು ಕೊಟ್ಟಾಯ್ತಲ್ಲ, ಸೈಕಲ್ ವನಂಗ್ವನ ಕೈಲಿ."

"ಅವರು ಅವರಮ್ಮಂಗೆ ತಗೊಂಡಿರ್ಬೇಕು..."

"ಅವರಮ್ಮ ಎಲ್ಲಿದಾಳೆ ತಾಯಿ? ಮಣ್ಣಾಗಿ ಐದು ತಿಂಗಳಾಯ್ತು."

ಮತ್ತೆ ಇಷ್ಟು ದಿನ ಯಾರಿಗಾಗಿ ಬರುತ್ತಿದ್ದ? ಸಂತೆಯಲ್ಲಿ ಈ ಮಾತ್ರೆ ಮಾರುವವರಿದ್ದಾರೆಂದು ಅವಳೂ ಕೇಳಿದ್ದಳು.

"ಮನೆಯವ್ರಿಗೆ ಮಾತ್ರ ಕೊಡೋದಲ್ವಾ ನೀವು?"

ಮುಂತಾಲಿಯಮ್ಮ ರಿಜಿಸ್ಟರ್ ತಿರುಗಿಸಿ ಬೆರಳಿಟ್ಟರು. ಸಂಬಂಧ: ಗಂಡ.

"ಮದುವೆಗೆ ಒಂದು ಮಾತು ಕರೀಲಿಲ್ಲ ನೀನು," ಎಂದು ಮೂತಿ ತಿರುವಿದರು.

ದಾರಿಯುದ್ದಕ್ಕೂ ಲುಸುಂಗು ಅತ್ತಳು. ಮಾತ್ರೆ ಹೋದದ್ದಕ್ಕಿಂತ, ಅವನೂ ಹೀಗಾದನಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು.

ಮನೆ ಬಾಗಿಲಲ್ಲಿ ಸೈಕಲ್ ನಿಂತಿತ್ತು. ಮೆಟ್ಟಿಲ ಮೇಲೆ ವನಂಗ್ವ, ಬೆವರಿಗೆ ಅಂಗಿಯೆಲ್ಲ ಒದ್ದೆ. ಮಡಿಕೆ ಬಿಚ್ಚದ ಪೊಟ್ಟಣ ಚಾಚಿದ.

"ಎಲ್ಲಿ ಹೋಗಿದ್ರಿ? ರಸ್ತೆಯುದ್ದಕ್ಕೂ ನೋಡ್ಕೊಂಡೇ ಬಂದೆ. ನೀವು ಬರೋವರೆಗೂ ಉಳಿಯಲ್ಲ ಅನ್ನಿಸ್ತು, ಅದಕ್ಕೇ ತಗೊಂಡ್ಬಿಟ್ಟೆ."

ಒಂದು ಕ್ಷಣದಲ್ಲಿ ಅವನನ್ನು ಕಳ್ಳನನ್ನಾಗಿ ಮಾಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಅವ್ವ ಹೋಗಿದ್ದು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ, ಇನ್ನ್ಯಾಕೆ ಬರ್ತೀರಾ ಅಂತ ಕೇಳ್ತಿದ್ರಿ." ಅವನು ನೆಲ ನೋಡಿದ. "ಉತ್ತರ ಇತ್ತು. ಧೈರ್ಯ ಇರ್ಲಿಲ್ಲ. ಅವ್ವನ ಪುಸ್ತಕಾನೂ ಇಡ್ತಿದ್ದೆ, ಹೆಸರು ಕೂಗೋ ಮೊದ್ಲೇ ತೆಗೆದ್ಬಿಡ್ತಿದ್ದೆ."

"ಮತ್ತೆ... ಗಂಡ ಅಂತ ಬರೆಸಿದ್ದು?"

"ಸಂಬಂಧ ಹೇಳು ಅಂದ್ರು. ಅಣ್ಣ ಅನ್ನಬಹುದಿತ್ತು... ಬಾಯೇ ಬರ್ಲಿಲ್ಲ."

ಲುಸುಂಗು ಕಣ್ಣು ತುಂಬಿಕೊಂಡಳು. "ನಾನು ಬೀಳ್ತೀನಿ, ವನಂಗ್ವ. ನಾಲ್ಕು ಜನರ ಮುಂದೆ, ಗೊತ್ತಿಲ್ದೇ ಬೀಳ್ತೀನಿ."

"ಹದಿನಾರು ವರ್ಷ ಅವ್ವನ್ನ ಹಿಡ್ಕೊಂಡೋನು ನಾನು. ಮಗ್ಗುಲಿಗೆ ಮಲಗಿಸೋದು ಗೊತ್ತು, ಎಚ್ಚರಾಗೋವರೆಗೂ ಪಕ್ಕದಲ್ಲಿ ಕೂರೋದೂ ಗೊತ್ತು."

ಅವಳು ಒಳಗೆ ಹೋಗಿ ನೀರು ತಂದಳು. ಮೊದಲು ಅವನಿಗೆ ಕೊಟ್ಟು, ಉಳಿದದ್ದರಲ್ಲಿ ತನ್ನ ಮಾತ್ರೆ ನುಂಗಿದಳು.

"ಮುಂದಿನ ತಿಂಗಳು ಪುಸ್ತಕ ಯಾರು ಇಡೋದು?"

"ನಾನೇ."

"ಸಂಬಂಧ ಕೇಳಿದ್ರೆ?"

ಅವನು ಸೈಕಲ್ಲಿನ ಸೀಟಿನ ಧೂಳು ಒರೆಸತೊಡಗಿದ.

"ಈ ಸಲ ಬರೆಸಿದ್ದನ್ನೇ ಬರೆಸಿ," ಎಂದಳು ಲುಸುಂಗು, ಪೊಟ್ಟಣವನ್ನು ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿಗೆ ಗಂಟು ಹಾಕುತ್ತಾ. "ಒಂದೊಂದು ಸಲ ಒಂದೊಂದು ಹೇಳಿದ್ರೆ ಮುಂತಾಲಿಯಮ್ಮ ಮಾತ್ರೆ ಕೊಡಲ್ಲ. ಆದ್ರೆ ಅಷ್ಟ್ರೊಳಗೆ ನಿಮ್ಮ ಚಿಕ್ಕಪ್ಪನ್ನ ನಮ್ಮ ಸೋದರಮಾವನ ಹತ್ರ ಮದುವೆ ಮಾತಾಡೋಕೆ ಕಳಿಸಿ."

"ನಾಳೇನೇ ಕಳಿಸ್ಲಾ?"

"ಸೈಕಲ್ ಇದೆಯಲ್ಲ," ಎಂದಳು ಅವಳು. "ಇವತ್ತೇ ಕರ್ಕೊಂಡ್ಬನ್ನಿ."